ನಾಲ್ಕು ಗಂಟೆಯ ಔಷಧ

ನಾಗವ್ವ ಅತ್ತದ್ದನ್ನು ನಾನು ಅಂದಿನವರೆಗೆ ಕಂಡಿರಲಿಲ್ಲ. ಹನ್ನೊಂದು ವರ್ಷ ನನ್ನ ಇಳಕಲ್ ಸೀರೆಗಳ ಗಂಟು ಹೊತ್ತು ಪುಣೆಯ ಪೇಠೆ ಪೇಠೆ ತಿರುಗಿದ ಬೈಲಹೊಂಗಲದ ಹೆಂಗಸು ಆಕೆ. ಗಂಡ ಸತ್ತ ಹದಿನೈದನೆಯ ದಿನಕ್ಕೇ ಗಂಟು ಹೊತ್ತವಳು. ಅಂಥವಳು ೧೯೩೮ರ ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ರವಿವಾರ ಪೇಠೆಯ ನನ್ನ ಅಂಗಡಿಗೆ ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸಾವಕಾರ್ರ, ನನ್ನ ಮಗಳು ಬಾಣಂತೀಗೆ ವಿಷಾ ಹಾಕಿ ಕೊಂದಾಳಂತ್ರಿ. ಹಂಗಂತ ಬರದಾರಂತ್ರಿ."

"ಯಾವ ಬದ್ಮಾಶ ಬರದಾನ ಹಂಗ?" ಎಂದು ನಾನು ಕೂಗಿದೆ. ನನ್ನ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಎದುರಿನ ತಾಮ್ರದ ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಇತ್ತ ನೋಡಿದ.

ನಾಗವ್ವನ ಒಬ್ಬಳೇ ಮಗಳು ಕಲ್ಲವ್ವ. ಒಂಬತ್ತಕ್ಕೆ ಮದುವೆ, ಹನ್ನೆರಡಕ್ಕೆ ವಿಧವೆ. ಆಕೆಯನ್ನು ನರ್ಸ್ ಕೆಲಸ ಕಲಿಯಲು ಹಾಕೋಣ ಎಂದವನು ನಾನು. ಸ್ವಾರಗೇಟಿನ ದಾರಿಯಲ್ಲಿದ್ದ ಹೆರಿಗೆ ಆಸ್ಪತ್ರೆಗೆ ಕರೆದೊಯ್ದು, 'ಈ ಹುಡುಗಿಯ ನಡತೆಗೆ ನಾನು ಜವಾಬ್ದಾರ' ಎಂದು ಸಹಿ ಹಾಕಿದವನೂ ನಾನೇ. ಆ ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಈಗ ಅಲ್ಲಿ ಬೇರೆ ಜನ ಇದ್ದಾರೆ, ಅವರ ಮುಖಕ್ಕೆ ಮಸಿ ಬಳಿಯಲು ನನಗೆ ಮನಸ್ಸಿಲ್ಲ. ಕಲ್ಲವ್ವನ ಮೂರು ವರ್ಷದ ಕಲಿಕೆ ಮುಗಿಯುತ್ತ ಬಂದಿತ್ತು. ಇನ್ನೆರಡು ತಿಂಗಳಿಗೆ ಕೊನೆಯ ಪರೀಕ್ಷೆ.

ಅಂಗಡಿಯ ಮಾಳಿಗೆಯ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಕೊಪ್ಪರ ದಿಗಂಬರರಾಯರು ಇಳಿದು ಬಂದರು. ಧಾರವಾಡದವರು, ಒಬ್ಬರೇ ಜೀವ, ಆರು ವರ್ಷದಿಂದ ನನ್ನ ಮಾಳಿಗೆಯಲ್ಲಿ ಬಿಡಾರ. ಪೊಲೀಸ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ ಪಂಚನಾಮೆ ಬರೆದವರು. ಕೋಣೆಯೊಳಗೆ ಏನಿದೆ, ಎಲ್ಲಿದೆ, ಯಾವ ಮಗ್ಗುಲಾಗಿದೆ ಎಂದು ಬರೆದೂ ಬರೆದೂ ಅವರ ಕಣ್ಣು ಹಾಗೇ ಆಗಿಹೋಗಿತ್ತು. ನಿವೃತ್ತರಾದ ಮೇಲೆ ನಮ್ಮ ಕನ್ನಡದ ಜನರ ತಂಟೆ ತಕರಾರು ಎಷ್ಟೋ ಬಗೆಹರಿಸಿದ್ದರು. ಅವರ ಹಿಂದೆ ಛತ್ರಿ ಹಿಡಿದು ಓಡಾಡುವ ಕೆಲಸ ನನ್ನದು.

"ಸಿದ್ದಲಿಂಗಪ್ಪನವರ, ಒದರೋದು ಆಮೇಲೆ ಒದರೀರಂತ," ಎಂದರು. "ನಾಗವ್ವಾ, ಮೊದಲಿಂದ ಹೇಳು. ಯಾರು ಸತ್ತರು, ಎಂದು?"

ಶನಿವಾರ ಸಂಜೆ ರಾಧಾಬಾಯಿ ಎಂಬ ಬಾಣಂತಿ ಐದು ದಿನದ ಕೂಸನ್ನು ಬಿಟ್ಟು ಸತ್ತಿದ್ದಳು. ನಾಲ್ಕು ಗಂಟೆಗೆ ಆಕೆಗೆ ಎರಡು ಚಮಚ ಕೆಮ್ಮಿನ ಔಷಧ ಕೊಡಬೇಕಿತ್ತು. ಅದರ ಬದಲು, ಬೆನ್ನುನೋವಿಗೆ ಮೇಲಿನಿಂದ ತಿಕ್ಕುವ ವಿಷದ ಔಷಧ ಹೊಟ್ಟೆಗೆ ಹೋಗಿತ್ತು. ವಾರ್ಡಿನ ಪುಸ್ತಕದಲ್ಲಿ 'ಕೊಟ್ಟವರು ಕಲ್ಲವ್ವ, ಮೇಲ್ವಿಚಾರಣೆ ಮೇಟ್ರನ್ ಗೋದಾಬಾಯಿ' ಎಂದು ಬರೆದಿತ್ತು. ಅಂದು ಬೆಳಿಗ್ಗೆ ರಾಧಾಬಾಯಿ ತನ್ನ ನೀರಿನ ತಂಬಿಗೆ ಮುಟ್ಟಿದ್ದಕ್ಕೆ ಕಲ್ಲವ್ವನನ್ನು ಜಾತಿ ಹಿಡಿದು ಬೈದಿದ್ದಳಂತೆ. ಆ ಹಗೆಗೆ ಬೇಕೆಂದೇ ವಿಷ ಕುಡಿಸಿದಳು ಎಂಬುದು ಆಸ್ಪತ್ರೆಯವರ ಮಾತು. ಮಂಗಳವಾರ ನಾಲ್ಕಕ್ಕೆ ಆಡಳಿತ ಮಂಡಳಿ ಸೇರಿ, ಆಕೆಯನ್ನು ಪೊಲೀಸರ ಕೈಗೆ ಕೊಡುವುದಿತ್ತು. ಕೊಲೆಯ ಆರೋಪ! ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ!

ಆ ಸಂಜೆಯೇ ನಾವು ಭವಾನಿ ಪೇಠೆಯ ನಾಗವ್ವನ ಕೋಣೆಗೆ ಹೋದೆವು. ಆಸ್ಪತ್ರೆಯಿಂದ ಹೊರಗೆ ಹಾಕಿದ ಟ್ರಂಕಿನ ಮೇಲೆ ಕಲ್ಲವ್ವ ಕೂತಿದ್ದಳು. ಅಳುತ್ತಿರಲಿಲ್ಲ.

"ನಾ ಕೊಟ್ಟಿಲ್ರಿ," ಎಂದಳು. "ನಾ ಆಗ ವಾರ್ಡಿನ್ಯಾಗ ಇರಲೇ ಇಲ್ಲ. ಮೂರೂಮುಕ್ಕಾಲಿಗೆ ಮೇಟ್ರನ್ ಬಾಯಿ ಬಂದ್ರು. 'ನನ್ನ ತಂಗಿ ಮಗಳನ್ನ ನೋಡಾಕ ಬೀಗರು ಬರಾವ್ರದಾರ, ನಮ್ಮ ಮನೀಗೆ ಹೋಗಿ ಆಕಿ ಪೈಠಣಿ ಸೀರಿ ಇಸ್ತ್ರಿ ಮಾಡು, ವಾರ್ಡ್ ನಾ ನೋಡ್ಕೋತೀನಿ' ಅಂದ್ರು. ಹ್ವಾದೆ."

"ವಾರ್ಡ್ ಬಿಟ್ಟು ಇಸ್ತ್ರೀ ಮಾಡಾಕ?" ಎಂದೆ ನಾನು. ಮೈಯೆಲ್ಲ ಉರಿಯಿತು.

"ದಿನಾ ಒಬ್ಬೊಬ್ಬಾಕಿ ಹೋಗ್ಬೇಕ್ರಿ. ಒಬ್ಬಾಕಿ ಬಟ್ಟಿ, ಒಬ್ಬಾಕಿ ಅವರ ಕಾಲು ಒತ್ತೋದು. ಒಲ್ಲೆ ಅಂದ್ರ ನಡತಿ ಸರ್ಟಿಫಿಕೇಟಿಗೆ ಸಹಿ ಆಗೂದಿಲ್ಲ."

ರಾಯರು ಒಂದೇ ಸಮನೆ ಕೇಳುತ್ತ ಹೋದರು. ಔಷಧದ ಕಪಾಟಿಗೆ ಬೀಗ ಉಂಟು; ಕೀಲಿ ಎರಡು; ಒಂದು ಪಾಳಿಯ ಹುಡುಗಿಯ ಸೊಂಟದಲ್ಲಿ, ಇನ್ನೊಂದು ಮೇಟ್ರನ್ ಹತ್ತಿರ. ಡಾಕ್ಟರ ಹತ್ತಿರ ಇಲ್ಲ. ತಿಕ್ಕುವ ಔಷಧ ಯಾವಾಗಲೂ ಏಣುಗಳಿದ್ದ ನೀಲಿ ಸೀಸೆಯಲ್ಲಿ ಇರಬೇಕು, ಕಣ್ಣು ತಪ್ಪಿದರೂ ಕೈಗೆ ತಿಳಿಯಲೆಂದು. ಆ ಸೀಸೆ ಒಡೆದು ಹದಿನೈದು ದಿನವಾಗಿತ್ತು. ಹೊಸದು ಬೇಕೆಂದು ಕಲ್ಲವ್ವ ಮೂರು ಸಲ ಬರೆದುಕೊಟ್ಟಿದ್ದಳು. 'ಆಮೇಲೆ ನೋಡೋಣ' ಎಂದಿದ್ದರಂತೆ ಮೇಟ್ರನ್. ಔಷಧ ಅಲ್ಲಿಯವರೆಗೆ ಬಾಯಿ ಮುರಿದ ಜಾಡಿಯಲ್ಲಿತ್ತು.

"ಶನಿವಾರ ಮುಂಜಾನೆ ಜಾಡಿ ಸೋರಾಕ ಹತ್ತಿತ್ರಿ. ಬ್ಯಾರೆ ದಾರಿ ಇಲ್ಲದ ಬಿಳೀ ಸೀಸೇಕ ತುಂಬಿ, ಒರಸಿ, ಆಮೇಲೆ ಹೊಸಾ ಚೀಟಿ ಬರದು ಅಂಟಿಸಿದೆ. ವಿಷ ಅಂತ ಕೆಂಪು ಮಸೀಲೆ ಬರದೆ. ಬೆನ್ನುನೋವಿನಾಕಿ ಶುಕ್ರವಾರನ ಮನೀಗೆ ಹೋಗಿದ್ಲು, ಅದನ್ನ ಯಾರೂ ಮುಟ್ಟೂ ಕೆಲಸ ಇರಲಿಲ್ಲ."

"ಇಸ್ತ್ರಿ ಮುಗಿಸಿ ಯಾವಾಗ ಬಂದಿ?"

"ನಾಕೂವರಿ ದಾಟಿತ್ರಿ. ಬೀಗರು ಒಳಗ ಬರಾಕ ಹತ್ತಿದ್ರು. ರಾಧಾಬಾಯಿಗೆ ತುಟಿ ಜುಮು ಜುಮು ಅಂತಿದ್ದೂವು. ನಾನ ಓಡಿ ಡಾಕ್ಟರನ್ನ ಕರದೆ." ಅಷ್ಟು ಹೇಳಿ ಹುಡುಗಿ ನೆಲ ನೋಡಿದಳು. "ಆಕಿ ಸತ್ತ ಮ್ಯಾಲ ಮೇಟ್ರನ್ ಬಾಯಿ ನನ್ನ ಬಾಜೂಕ ಕರದು, 'ತಪ್ಪಾತು ಅಂತ ಬರದುಕೊಡು, ಎಚ್ಚರಿಕೆ ಕೊಟ್ಟು ಬಿಡಸ್ತೀನಿ' ಅಂದ್ರು. ನಾ ಮಾಡದ ತಪ್ಪು ಬರಿಯೂದಿಲ್ಲ ಅಂದೆ. ಆವಾಗಿಂದ ಅದು ತಪ್ಪು ಹೋಗಿ ಕೊಲಿ ಆತು."

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಜಾಮೀನುದಾರ ಎಂಬ ಹಕ್ಕಿನ ಮೇಲೆ ನಾನು ಬಾಗಿಲಲ್ಲೇ ಗದ್ದಲ ಹಾಕಿದೆ. ಡಾಕ್ಟರ್ ದೇವದಾಸ್ ಹೊರಗೆ ಬಂದರು. ಹುಬ್ಬಳ್ಳಿಯ ಯುವಕ, ಎರಡು ದಿನದಿಂದ ನಿದ್ದೆಗೆಟ್ಟ ಮುಖ.

"ಬರ್ರಿ. ನನಗೂ ಇದು ಗಂಟಲ್ದಾಗ ಇಳೀವಲ್ದು. ಆ ಹುಡುಗಿ ನಿಷ್ಕಾಳಜಿ ಇದ್ರ ನಂಬ್ತಿದ್ದೆ. ಆಕಿ ಮೂರು ಸಲ ನೋಡಿ ಔಷಧ ಕೊಡಾಕಿ," ಎಂದರು.

"ನೀವು ನಾಲ್ಕಕ್ಕೆ ಎಲ್ಲಿದ್ರಿ?" ರಾಯರು ಮುಲಾಜಿಲ್ಲದೆ ಕೇಳಿದರು.

"ಆಪರೇಶನ್ ಕೋಣ್ಯಾಗ. ಮೂರರಿಂದ ನಾಕೂವರಿ ತನಕ. ಐದು ಮಂದಿ ಸಾಕ್ಷಿ ಅದಾರ."

ಕಪಾಟು ತೆಗೆಸಿದರು. ಶನಿವಾರದಿಂದ ಅದಕ್ಕೆ ಡಾಕ್ಟರು ಮೊಹರು ಹಾಕಿದ್ದರು. ರಾಯರು ಕೈ ಹಿಂದೆ ಕಟ್ಟಿಕೊಂಡು, ಪಂಚನಾಮೆ ಬರೆಸುವವರ ದನಿಯಲ್ಲಿ ಎಣಿಸತೊಡಗಿದರು.

"ಸೀಸೆ ಹದಿನಾಲ್ಕು. ಹದಿಮೂರರ ಚೀಟಿ ಸ್ವಚ್ಛ. ಔಷಧ ಹರಿದ ಗುರುತು ಇದ್ದರೆ, ಚೀಟಿಯ ಎದುರು ಬದಿಗೆ. ಒಂದು ಸೀಸೆಯ ಚೀಟಿಯ ಮೇಲೇ ಹರಿದದ, ಕೆಂಪು ಅಕ್ಷರ ಕಲಸಿ ಕೆಳಗೆ ಇಳಿದದ. ಯಾವುದಿದು?"

"ಅದೇ," ಎಂದರು ಡಾಕ್ಟರು. "ತಿಕ್ಕೂ ಔಷಧ. ಎರಡು ಚಮಚ ಕಡಿಮಿ ಅದ."

ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ವಿಷದ ಔಷಧ ಸುರಿದವರ ಕೈ ನಡುಗಿರಬಹುದು ಎಂದುಕೊಂಡೆ. ಪಕ್ಕದ ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿನಿ ರೋಗಿಗೆ ಔಷಧ ಅಳೆಯುತ್ತಿದ್ದಳು. ರಾಯರು ಅಲ್ಲಿಗೆ ಹೋಗಿ ನಿಂತರು. ಆ ಹುಡುಗಿಯ ಹೆಸರು ಅಂಬಾ, ಚಿಕ್ಕೋಡಿಯವಳು, ಕಲ್ಲವ್ವನ ಜೊತೆಯವಳೇ. ನಮ್ಮನ್ನು ನೋಡಿ ಬೆದರಿದರೂ, ಸೀಸೆಯನ್ನು ಕೈಯಲ್ಲಿ ತಿರುಗಿಸಿ ಚೀಟಿ ಅಂಗೈಯೊಳಗೆ ಬರುವಂತೆ ಹಿಡಿದು ಸುರಿದಳು.

"ಹಂಗ ಯಾಕ ತಿರುಗಿಸಿದಿ ತಂಗಿ?"

"ಹನಿ ಹರಿದು ಹೆಸರು ಅಳಿಸಬಾರದಂತ್ರಿ. ಮೊದಲನೇ ದಿನಾನ ಕಲಿಸ್ತಾರ. ಈಗ ತಿರುಗಿಸ್ತೀವಿ ಅನ್ನೂದು ಸೈತ ಗೊತ್ತಾಗೂದಿಲ್ಲ."

"ಯಾರು ಕಲಿಸ್ತಾರ?"

"ಹಿರೇ ಹುಡಿಗ್ಯಾರು. ಅವರಿಗೆ ಹಳೇ ಮೇಟ್ರನ್ ಕಲಿಸಿದ್ರಂತ."

"ಈಗಿನ ಮೇಟ್ರನ್?"

ಅಂಬಾ ಅತ್ತ ಇತ್ತ ನೋಡಿದಳು. "ಅವರು ಸಹಿ ಮಾಡ್ತಾರ್ರಿ."

ಮೇಟ್ರನ್ ಗೋದಾಬಾಯಿಯ ಕೋಣೆಗೆ ಹೋದೆವು. ಐವತ್ತರ ಹತ್ತಿರದ ತುಂಬಿದ ಹೆಂಗಸು, ಇಸ್ತ್ರಿಯ ಗೆರೆ ಮುರಿಯದ ಬಿಳಿ ಸೀರೆ, ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಪ್ರಮಾಣಪತ್ರ. ಆಕೆ ಮಾತಾಡಿದ್ದು ಮರಾಠಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಅಹೋ ರಾವ್‌ಸಾಹೇಬ, ನಾನು ಪಕ್ಕದಲ್ಲೇ ನಿಂತಿದ್ದೆ. ಹುಡುಗಿ ಸರಿಯಾದ ಸೀಸೆಯನ್ನೇ ತೆಗೆದಳು. ಅಷ್ಟರಲ್ಲಿ ಬೇರೆ ಹಾಸಿಗೆಯವಳು ಕರೆದಳು, ತಿರುಗಿದೆ. ಆ ಗಳಿಗೆಯಲ್ಲಿ ಸೀಸೆ ಬದಲಾಯಿಸಿದ್ದಾಳೆ. ಇಂಥ ಜನರಿಗೆ ವಿದ್ಯೆ ಕೊಟ್ಟರೆ ಹೀಗೇ."

ನಾನು ಹಲ್ಲು ಕಡಿದೆ. ರಾಯರು ನನ್ನ ಕಾಲು ತುಳಿದು, "ಇಸ್ತ್ರಿ ಮಾಡಲು ಕಳಿಸಿದಿರಂತೆ?" ಎಂದರು.

"ಕಳಿಸಿದೆ. ಅದಕ್ಕೇನು? ಹುಡುಗಿಯರು ಮನೆಯ ಮಕ್ಕಳ ಹಾಗೆ. ಆದರೆ ನಾಲ್ಕರ ಔಷಧ ಕೊಟ್ಟ ಮೇಲೆ ಕಳಿಸಿದ್ದು." ಆಕೆ ನನ್ನತ್ತ ತಿರುಗಿದಳು. ಸೀರೆಯ ವ್ಯಾಪಾರಿ ಎಂದು ತಿಳಿದದ್ದೇ ಮುಖ ಅರಳಿತು. "ಒಂಬತ್ತು ಗಜದ ಹಸಿರು ಪೈಠಣಿ. ಎರಡು ವರ್ಷ ಟ್ರಂಕಿನಲ್ಲೇ ಇತ್ತು. ನಾಲ್ಕೂವರೆಯ ಮುಹೂರ್ತಕ್ಕೆ ನನ್ನ ತಂಗಿಯ ಮಗಳು ಉಟ್ಟು ಬಂದು ಕೂತಾಗ ಒಂದು ಮಡಿಕೆಯ ಗುರುತು ಇರಲಿಲ್ಲ ನೋಡಿ!"

ನಾನು ಹೂಂ ಎಂದೆ. ಬಾಣಂತಿ ಸತ್ತು ಎರಡು ದಿನ ಆಗಿರಲಿಲ್ಲ, ಈಕೆಗೆ ಪೈಠಣಿಯ ಮಡಿಕೆಯ ಚಿಂತೆ!

ರಾಯರು ವಾರ್ಡಿನ ಪುಸ್ತಕ ಕೇಳಿದರು. ಶನಿವಾರದ ಸಾಲು ನೋಡಿ, ಹಾಳೆ ಮುಂದಕ್ಕೆ ತಿರುಗಿಸಿದರು. ಅವರ ಭುಜದ ಮೇಲಿಂದ ನಾನೂ ನೋಡಿದೆ. ಮಂಗಳವಾರ, ಬುಧವಾರ, ಬರುವ ಭಾನುವಾರದವರೆಗೂ ಔಷಧದ ಹೆಸರು ಇಲ್ಲ, ರೋಗಿಯ ಹೆಸರು ಇಲ್ಲ. ಮೇಲ್ವಿಚಾರಣೆಯ ಕಾಲಮಿನಲ್ಲಿ ಮಾತ್ರ ಗೋದಾಬಾಯಿಯ ಸಹಿ ಸಾಲಾಗಿ ಇತ್ತು. ಇನ್ನೂ ಬಾರದ ದಿನದ ಮೇಲ್ವಿಚಾರಣೆ ಈಕೆ ಇವತ್ತೇ ಮಾಡಿ ಮುಗಿಸಿದ್ದಳು! ರಾಯರು ಪುಸ್ತಕ ಮುಚ್ಚಿದರು. ಹೊಟ್ಟೆ ಹಿಡಿದುಕೊಂಡು, ಜೇಬಿನಿಂದ ಒಂದು ಸೀಸೆ ತೆಗೆದರು.

"ಬಾಯಿ, ನನಗೆ ಅಜೀರ್ಣ. ಒಂದು ಚಮಚ ಸುರಿದುಕೊಡ್ತೀರಾ? ನನ್ನ ಕೈ ನಿಲ್ಲೋದಿಲ್ಲ."

ಗೋದಾಬಾಯಿ ಬೇಸರದಿಂದಲೇ ಸುರಿದುಕೊಟ್ಟಳು. ಚೀಟಿ ಹೊರಗೆ ನನಗೆ ಎದುರಾಗಿತ್ತು, ಒಂದು ಹನಿ ಅದರ ಮೇಲೆ ಇಳಿಯಿತು. ರಾಯರು ಔಷಧ ಕುಡಿದು, ಸೀಸೆಯನ್ನು ಒರೆಸದೆ ಜೇಬಿಗೆ ಹಾಕಿಕೊಂಡರು. ಹೊರಡುವಾಗ ಗೋಡೆಯ ಪ್ರಮಾಣಪತ್ರ ಹೊಗಳಿ, ಅದು ಯಾವ ಊರಿನದು ಎಂದು ಕೇಳಿದರು. ನಾಗಪುರ, ಎಂದಳು. ಚೌಕಟ್ಟಿನ ಮೂಲೆಯ ನಂಬರನ್ನು ರಾಯರು ಬಾಯಲ್ಲಿ ಹೇಳಿಕೊಂಡೇ ಹೊರಬಿದ್ದರು. ತಾರು ಕಚೇರಿಗೆ ಹೋಗಿ ನಾಗಪುರಕ್ಕೆ ಒಂದು ತಾರು ಕಳಿಸಿದ ಮೇಲೆಯೇ ಟಾಂಗಾ ಹತ್ತಿದ್ದು.

"ಅಜೀರ್ಣ ಯಾವಾಗಿಂದ ರಾಯರ?" ಎಂದೆ.

"ಇವತ್ತು ಮುಂಜಾನೆಯಿಂದ. ನಿಮ್ಮ ಮನಿ ಜುಣಕ ತಿಂದು," ಎಂದರು. ಆಮೇಲೆ ತಾವಾಗಿ ಕೇಳಿದರು: "ಸಿದ್ದಲಿಂಗಪ್ಪನವರ, ಟ್ರಂಕಿನ್ಯಾಗ ಎರಡು ವರ್ಷ ಮಡಿಕಿ ಬಿದ್ದ ಪೈಠಣಿ ಇಸ್ತ್ರಿ ಮಾಡಾಕ ಎಷ್ಟೊತ್ತು ಬೇಕು?"

"ಜರೀ ಸೆರಗು ಅಂದ್ರ ಹಸೀ ಬಟ್ಟಿ ಮ್ಯಾಲ ಹಾಕಿ ಗೇಣು ಗೇಣು ಒತ್ತಬೇಕು. ಇದ್ದಲಿ ಇಸ್ತ್ರಿ ಕಾಯಬೇಕು. ಅರ್ಧ ತಾಸು ಅಂದ್ರೂ ಕಡಿಮಿ. ಅದನ್ನ ಕಚ್ಚಿ ಹಾಕಿ ಉಡಾಕ ಮತ್ತ ಹತ್ತು ನಿಮಿಷ." ಹೇಳುತ್ತಿದ್ದಂತೆ ನನಗೇ ಹೊಳೆದು ಟಾಂಗಾದಲ್ಲಿ ಎದ್ದು ನಿಂತೆ. ತಲೆ ಮಾಡಿಗೆ ಬಡಿಯಿತು.

ಮಂಗಳವಾರ ನಾಲ್ಕಕ್ಕೆ ಆಸ್ಪತ್ರೆಯ ಸಭಾಕೋಣೆಯಲ್ಲಿ ಸೇರಿದರು. ಮಂಡಳಿಯ ಅಧ್ಯಕ್ಷ ಅಪ್ಪಾಸಾಹೇಬ ನಡುವಿನ ಕುರ್ಚಿಯಲ್ಲಿ. ಜರಿಯ ರುಮಾಲು, ಬೆಳ್ಳಿ ಹಿಡಿಕೆಯ ಕೋಲು. ಗೋದಾಬಾಯಿ ಅವರ ಸೋದರತ್ತೆಯ ಮಗಳು ಎಂದು ಡಾಕ್ಟರು ನಮಗೆ ಆಗಲೇ ಹೇಳಿದ್ದರು. ಗೋಡೆಯ ಉದ್ದಕ್ಕೆ ಇಪ್ಪತ್ತೊಂದು ವಿದ್ಯಾರ್ಥಿನಿಯರು ನಿಂತಿದ್ದರು. ಕಲ್ಲವ್ವ ಒಬ್ಬಳೇ ಎದುರಿನ ಗೋಡೆಗೆ, ಅವಳ ಪಕ್ಕ ನಾಗವ್ವ. ಬಾಗಿಲಲ್ಲಿ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್.

ಅಪ್ಪಾಸಾಹೇಬರು ಮೂವರು ವಿದ್ಯಾರ್ಥಿನಿಯರ ಹೇಳಿಕೆ ಓದಿದರು. 'ನಾಲ್ಕು ಗಂಟೆಗೆ ಕಲ್ಲವ್ವ ಕ್ರೂರ ಮುಖಮುದ್ರೆಯಿಂದ ಕಪಾಟಿನ ಬಳಿ ಇದ್ದುದನ್ನು ಕಂಡೆನು.' ಮೂರರಲ್ಲಿಯೂ ಅದೇ ವಾಕ್ಯ.

"ಮೂರು ಹುಡುಗಿಯರಿಗೂ ಒಂದೇ ಕ್ರೂರ ಮುಖಮುದ್ರೆ ಕಂಡಿತೇ?" ರಾಯರು ಎದ್ದರು. "ಅಪ್ಪಾಸಾಹೇಬ, ಹತ್ತು ನಿಮಿಷ ಕೊಡಿ. ಆಮೇಲೆ ಯಾರನ್ನು ಬೇಕೋ ಇನ್ಸ್‌ಪೆಕ್ಟರಿಗೆ ಒಪ್ಪಿಸಿ."

ಅವರು ಪೈಠಣಿಯಿಂದ ಶುರು ಮಾಡಿ, ನನ್ನನ್ನು ಎಬ್ಬಿಸಿದರು. ನಾನು ಮೂವತ್ತು ವರ್ಷದ ವ್ಯಾಪಾರದ ಮೇಲೆ ಆಣೆ ಇಟ್ಟು ಇಸ್ತ್ರಿಯ ಹೊತ್ತು ಹೇಳಿದೆ. "ನಾಲ್ಕೂವರೆಗೆ ಮೇಟ್ರನ್ ತಂಗಿಯ ಮಗಳು ಆ ಸೀರೆ ಉಟ್ಟು ಬೀಗರ ಮುಂದೆ ಕೂತಿದ್ದಳು," ಎಂದರು ರಾಯರು. "ಇದು ಮೇಟ್ರನ್ ಬಾಯಿಯೇ ಹೆಮ್ಮೆಯಿಂದ ಹೇಳಿದ ಮಾತು. ಹಾಗಾದರೆ ಇಸ್ತ್ರಿ ಶುರುವಾದದ್ದು ನಾಲ್ಕಕ್ಕಿಂತ ಮೊದಲೇ. ನಾಲ್ಕು ಗಂಟೆಗೆ ಕಲ್ಲವ್ವ ಬಿಸಿ ಇಸ್ತ್ರಿ ಹಿಡಿದು ಮೇಟ್ರನ್ ಮನೆಯಲ್ಲಿದ್ದಳು. ಅಂದರೆ ಪುಸ್ತಕದ ಸಾಲು ಸುಳ್ಳು."

"ಆ ಸಾಲಿಗೆ ನನ್ನ ಸಹಿ ಇದೆ!" ಎಂದಳು ಗೋದಾಬಾಯಿ.

"ಬರುವ ಭಾನುವಾರದ ಸಾಲಿಗೂ ಇದೆ." ರಾಯರು ಮೇಜಿನ ಮೇಲಿದ್ದ ವಾರ್ಡಿನ ಪುಸ್ತಕವನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟರು. "ಇನ್ನು ಔಷಧ. ಕಪಾಟು ತೆರೆಯುವ ಕೀಲಿ ಎರಡೇ. ಒಂದು ಕಲ್ಲವ್ವನ ಸೊಂಟದಲ್ಲಿ ಮೇಟ್ರನ್ ಮನೆಗೆ ಹೋಗಿತ್ತು. ಉಳಿದದ್ದು ಒಂದು. ಆದರೂ ನಾನು ಕೀಲಿಯೊಂದನ್ನೇ ನಂಬಲಿಲ್ಲ. ವಿಷದ ಸೀಸೆ ನೋಡಿದೆ. ಶನಿವಾರ ಬೆಳಿಗ್ಗೆ ಅದನ್ನು ತುಂಬಿ, ಒರೆಸಿ, ಆಮೇಲೆ ಚೀಟಿ ಅಂಟಿಸಿದ್ದು. ಅಲ್ಲಿಂದ ಅದರಿಂದ ಸುರಿದದ್ದು ಒಂದೇ ಸಲ. ಆ ಒಂದು ಸಲದ ಹನಿ ಚೀಟಿಯ ಮೇಲೇ ಹರಿದಿದೆ."

ಅವರು ಮೇಜಿನ ಮೇಲೆ ನೀರು ತುಂಬಿ ಚೀಟಿ ಅಂಟಿಸಿದ ಒಂದು ಸೀಸೆ ಇಟ್ಟು, ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು ಸುರಿಯಲು ಹೇಳಿದರು. ಇಪ್ಪತ್ತೊಂದು ಕೈ. ನಿನ್ನೆ ಮೊನ್ನೆ ಸೇರಿದ ಹುಡುಗಿಯಿಂದ ಹಿಡಿದು ಎಲ್ಲರೂ ಸೀಸೆ ತಿರುಗಿಸಿ ಚೀಟಿಯನ್ನು ಅಂಗೈಗೆ ಹಾಕಿಕೊಂಡೇ ಸುರಿದರು. ಕೊನೆಗೆ ಕಲ್ಲವ್ವ. ಅವಳ ಕೈಯೂ ಹಾಗೇ ತಿರುಗಿತು.

"ಇವರಿಗೆ ಇದು ಉಸಿರಾಡಿದ ಹಾಗೆ. ಅವಸರದಲ್ಲಿ, ಸಿಟ್ಟಿನಲ್ಲಿ, ಕೊಲೆ ಮಾಡುವಾಗ ಕೂಡ ಇವರ ಕೈ ಹೀಗೆಯೇ ತಿರುಗುತ್ತದೆ. ಸುರಿದವರು ನರ್ಸ್ ಕೆಲಸ ಕಲಿಯದವರು. ಡಾಕ್ಟರೂ ಅದನ್ನು ಕಲಿತಿಲ್ಲ. ಆದರೆ ಅವರು ಆಪರೇಶನ್ ಕೋಣೆಯಲ್ಲಿದ್ದರು, ಕೀಲಿಯೂ ಇಲ್ಲ." ರಾಯರು ಜೇಬಿನಿಂದ ತಮ್ಮ ಅಜೀರ್ಣದ ಸೀಸೆ ತೆಗೆದು ಇಟ್ಟರು. ಚೀಟಿಯ ನಡುವೆ ಮಸಿ ಕಲಸಿ ಇಳಿದಿತ್ತು. "ಇದು ನಿನ್ನೆ ಮೇಟ್ರನ್ ಬಾಯಿ ನನಗೆ ಸುರಿದುಕೊಟ್ಟದ್ದು. ಸಿದ್ದಲಿಂಗಪ್ಪನವರು ಸಾಕ್ಷಿ. ಇದು ನಾಗಪುರದಿಂದ ಇಂದು ಬಂದ ತಾರು. ಗೋಡೆಯ ಮೇಲಿನ ಪ್ರಮಾಣಪತ್ರದ ನಂಬರು ಸತ್ತುಹೋದ ಬೇರೊಬ್ಬ ನರ್ಸಿನದಂತೆ. ಗೋದಾಬಾಯಿ ಎಂಬ ಹೆಸರಿನವರು ಅಲ್ಲಿ ಒಂದು ದಿನವೂ ಕಲಿತಿಲ್ಲವಂತೆ."



"ರಾಧಾಬಾಯಿ ನಾಲ್ಕಾಯಿತು, ಔಷಧ ಎಂದು ಕೇಳಿರಬೇಕು. ಬೀಗರು ಬರುವ ಅವಸರ. ಕಪಾಟಿನಲ್ಲಿ ಕೆಮ್ಮಿನ ಔಷಧದ್ದೂ ವಿಷದ್ದೂ ಎರಡೂ ಬಿಳಿ ಸೀಸೆ, ಏಕೆಂದರೆ ನೀಲಿ ಸೀಸೆ ಕೊಡಿಸಲು ಇವರಿಗೆ ಪುರುಸೊತ್ತಾಗಿರಲಿಲ್ಲ. ಸುರಿಯುವ ಮೊದಲು ಚೀಟಿ ಓದಬೇಕೆಂದು ಇವರಿಗೆ ಯಾರೂ ಕಲಿಸಿಲ್ಲ. ಸುರಿದರು, ಕುಡಿಸಿದರು. ಅದು ತಪ್ಪು. ಆ ತಪ್ಪನ್ನು ಒಬ್ಬ ಹುಡುಗಿಯ ಕೊರಳಿಗೆ ಕಟ್ಟಿದ್ದು, ಇನ್ನು ಮೂವರ ಕೈಯಿಂದ ಸುಳ್ಳು ಬರೆಸಿದ್ದು ತಪ್ಪಲ್ಲ, ಪಾತಕ."

ಗೋದಾಬಾಯಿ ಅಪ್ಪಾಸಾಹೇಬರ ಮುಖ ನೋಡಿದಳು. "ಅಪ್ಪಾಸಾಹೇಬ, ನೀವೇ ಅಂದಿರಲ್ಲ, ಕಲಿಯದಿದ್ದರೂ ನಡೆಯುತ್ತದೆ ಎಂದು," ಎಂದಳು.

ಅಪ್ಪಾಸಾಹೇಬರು ಕೆಮ್ಮಿದರು. "ಆಡಳಿತ ನಡೆಸುವವರಿಗೆ ಔಷಧ ಸುರಿಯುವುದು ಯಾಕೆ ಗೊತ್ತಿರಬೇಕು? ಶಿಸ್ತು ಇದ್ದರೆ ಸಾಕು ಎಂದು..."

"ಥೂ ನಿಮ್ಮ ಶಿಸ್ತಿಗೆ!" ಎಂದು ನಾನು ಕೂಗಿಯೇಬಿಟ್ಟೆ. ರಾಯರು ಈ ಸಲ ನನ್ನ ಕಾಲು ತುಳಿಯಲಿಲ್ಲ.

ಆದರೆ ಅಪ್ಪಾಸಾಹೇಬರು ಬಲು ಪಳಗಿದ ಮನುಷ್ಯ. ದನಿ ತಗ್ಗಿಸಿ, ಹುಡುಗಿಯರ ಕಡೆ ತಿರುಗಿದರು. "ಮಕ್ಕಳೇ, ಕೇಳಿ. ಕಲ್ಲವ್ವನ ಮೇಲಿನ ಆರೋಪ ಹೋಯಿತು. ಅವಳು ಪರೀಕ್ಷೆಗೆ ಕೂಡಲಿ. ಸೀಸೆ ಅದಲುಬದಲಾಗಿ ಬಾಣಂತಿ ಸತ್ತಳು, ಯಾರ ಕೈ ಎಂದು ತಿಳಿಯಲಿಲ್ಲ ಎಂದು ಬರೆಯೋಣ. ಯಾಕೆ ಹೇಳುತ್ತೇನೆಂದರೆ, ನಿಮ್ಮೆಲ್ಲರ ಕಲಿಕೆಯ ಕಾಗದಕ್ಕೆ ಸಹಿ ಗೋದಾಬಾಯಿಯದು. ಆಕೆ ನರ್ಸೇ ಅಲ್ಲ ಎಂದು ಹೊರಬಿದ್ದರೆ, ಪರೀಕ್ಷಾ ಮಂಡಳಿ ನಿಮ್ಮ ಒಂದು ದಿನವನ್ನೂ ಎಣಿಸುವುದಿಲ್ಲ. ಇಪ್ಪತ್ತೆರಡು ಜನರ ವರ್ಷಗಳು ನೀರುಪಾಲು. ಇನ್ಸ್‌ಪೆಕ್ಟರ್ ಸಾಹೇಬರ ಹತ್ತಿರ ನಾನು ಮಾತಾಡುತ್ತೇನೆ. ಆ ಮೂರು ಹೇಳಿಕೆಗಳನ್ನು ಹರಿದುಹಾಕೋಣ. ನಿಮ್ಮ ಇಷ್ಟ."

ನಾನು ರಾಯರ ಮುಖ ನೋಡಿದೆ. ಆ ಮಾತು ನಿಜ ಎಂದು ಅವರಿಗೆ ಗೊತ್ತಿತ್ತು. ಇಪ್ಪತ್ತೆರಡು ಹುಡುಗಿಯರನ್ನು ಒತ್ತೆ ಇಟ್ಟುಕೊಂಡು ಆಡುವ ಮಾತು ಅದು. ಕಲ್ಲವ್ವ ಎದುರಿನ ಸಾಲನ್ನು ನೋಡಿದಳು. ಅವಳು ಒಲ್ಲೆ ಅಂದರೆ ಅಷ್ಟೂ ಜನರ ಅನ್ನ ಅವಳು ಕಸಿದ ಹಾಗೆ.

"ನಾ ಇವರಿಗೆಲ್ಲಾ ಹೆಂಗ ಹೇಳಲ್ರಿ," ಎಂದಳು ಮೆಲ್ಲಗೆ. "ನನಗಷ್ಟ ಆಗಿದ್ರ ಒಂದ ಮಾತು."

ಸಾಲಿನಿಂದ ಅಂಬಾ ಒಂದು ಹೆಜ್ಜೆ ಮುಂದೆ ಬಂದಳು.

"ಆ ಮೂರು ಹೇಳಿಕಿಯೊಳಗ ಒಂದು ನಂದ್ರಿ. ಮೇಟ್ರನ್ ಬಾಯಿ ಹೇಳಿದಂಗ ಬರದೆ. ನಮ್ಮ ಮಾವ ಮೂರ ವರ್ಷ ಅಂತ ಕಳಿಸ್ಯಾನ, ಸರ್ಟಿಫಿಕೇಟ್ ಇಲ್ಲದ ಬಂದ್ರ ಮನೀಯೊಳಗ ಕರಕೊಳ್ಳೂದಿಲ್ಲ ಅಂದಾನ, ಅದಕ್ಕ ಅಂಜಿ ಬರದೆ. ಕಲ್ಲವ್ವ ಕಪಾಟಿನ ಹತ್ರ ಇರಲಿಲ್ಲ. ಮೇಟ್ರನ್ ಬಾಯಿ ಇದ್ರು. ನಾ ಬಾಗಲದಾಗಿಂದ ನೋಡೀನಿ. ರಾಧಾಬಾಯಿ ಬಾಯಿ ಸುಡ್ತದ ಅಂದ್ಲು, 'ಸುಮ್ನ ನುಂಗು' ಅಂದ್ರು." ಅವಳು ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ಬರಕೋರ್ರಿ ಸಾಹೇಬ್ರ. ನನ್ನ ಮೂರು ವರ್ಷ ಹೋದ್ರ ಹೋಗ್ಲಿ."

ಹೇಳಿಕೆ ಬರೆದ ಉಳಿದ ಇಬ್ಬರೂ ಮುಂದೆ ಬಂದರು. ಆಮೇಲೆ ಒಬ್ಬೊಬ್ಬಳಾಗಿ, ಯಾರೂ ಕರೆಯದೆ, ಇಪ್ಪತ್ತೊಂದು ಹುಡುಗಿಯರೂ ಕೋಣೆ ದಾಟಿ ಕಲ್ಲವ್ವನ ಗೋಡೆಗೆ ಬಂದು ನಿಂತರು. ನಾಗವ್ವ ಅವರಿಗೆ ಜಾಗ ಮಾಡಿಕೊಟ್ಟಳು. ಇನ್ಸ್‌ಪೆಕ್ಟರ್ ಕಾಗದ ತೆಗೆದ.

ಗೋದಾಬಾಯಿಗೆ ಎರಡೂವರೆ ವರ್ಷದ ಶಿಕ್ಷೆಯಾಯಿತು. ಅಪ್ಪಾಸಾಹೇಬರಿಗೆ ಏನೂ ಆಗಲಿಲ್ಲ; ಮುಂದಿನ ವರ್ಷ ಬೇರೊಂದು ಸಂಸ್ಥೆಯ ಅಧ್ಯಕ್ಷರಾದರು. ಪರೀಕ್ಷಾ ಮಂಡಳಿ ಒಂದು ದಿನವನ್ನೂ ಎಣಿಸಲಿಲ್ಲ. ಡಾಕ್ಟರ್ ದೇವದಾಸ್ ಊರೂರು ತಿರುಗಿ, ಕೈಮುಗಿದು, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹತ್ತೊಂಬತ್ತು ಹುಡುಗಿಯರಿಗೆ ಜಾಗ ಕೊಡಿಸಿದರು. ಅವರೆಲ್ಲ ಮತ್ತೆ ಮೊದಲನೆಯ ವರ್ಷದಿಂದ ಶುರು ಮಾಡಿದರು. ಕಲ್ಲವ್ವ ಈಗ ಸೋಲಾಪುರದಲ್ಲಿ ನರ್ಸ್ ಆಗಿದ್ದಾಳೆ, ಅವಳ ಕೈಕೆಳಗೆ ಆರು ಹುಡುಗಿಯರು ಕಲಿಯುತ್ತಾರೆ.

ಮೂವರಿಗೆ ಇನ್ನೂ ಮೂರು ವರ್ಷ ಕೊಡಲು ಮನೆಯವರು ಒಪ್ಪಲಿಲ್ಲ. ಆ ಮೂವರಲ್ಲಿ ಅಂಬಾ ಒಬ್ಬಳು. ಗಂಡನ ಮನೆಗೆ ಹೋದಳು. ಮಾವ ಹೇಳಿದ ಹಾಗೇ ಬಾಗಿಲು ತೆರೆಯಲಿಲ್ಲ. ಚಿಕ್ಕೋಡಿಯ ತವರಿನಲ್ಲಿ ಬೀಡಿ ಕಟ್ಟುತ್ತಿದ್ದಾಳೆ ಎಂದು ನಾಗವ್ವ ಹೇಳಿದಳು. ನಾನೂ ರಾಯರೂ ಎರಡು ಸಲ ಹೋಗಿ, ಮತ್ತೆ ಕಲಿಯಲು ಕಳಿಸು ಎಂದು ಅವಳ ತಂದೆಯ ಕಾಲು ಹಿಡಿದೆವು. ಅವನು ಕೇಳಿದ್ದು ಒಂದೇ: "ಖರೇ ಹೇಳಿ ನನ್ನ ಮಗಳಿಗೆ ಏನು ಸಿಕ್ಕಿತ್ರಿ?"

ದಿಗಂಬರರಾಯರು ಎಷ್ಟೋ ಪ್ರಶ್ನೆ ಬಿಡಿಸಿದ್ದನ್ನು ನಾನು ಕಂಡಿದ್ದೇನೆ. ಅವತ್ತು ಅವರು ಆ ತಂದೆಗೆ ಕೈಮುಗಿದು, ಪುಣೆಯ ಬಸ್ಸು ಹಿಡಿಯಲು ಎದ್ದರು.